ಮಾವನ ಇಂಜಿನ್ನು ಕೂಗುವವರೆಗೆ

ನಾಗೇಶ ಕೆಟ್ಟಿದ್ದು ಒಂದು ಹೂಂ ಅಂದದ್ದರಿಂದ. ಅದೂ ಅವಸರದ ಹೂಂ. ಕೊಪ್ಪಳದಿಂದ ಅಷ್ಟೇನೂ ದೂರವಿಲ್ಲದ ಚಿಕ್ಕಬೂದಿಹಾಳದಲ್ಲಿ ಅವನು ಪಂಚಾಯಿತಿಯ ನೀರು ಬಿಡುವ ಕೆಲಸದವನು. ಬೆಳಿಗ್ಗೆ ವಾಲ್ವು ತಿರುಗಿಸುವುದು ತಡವಾದರೆ ಊರಿನ ಹೆಂಗಸರು ಖಾಲಿ ಕೊಡ ಹಿಡಿದು ಮನೆ ಬಾಗಿಲಿಗೇ ಬರುತ್ತಾರೆ. ಆವತ್ತು ಅವನು ಸೈಕಲ್ಲು ಹತ್ತಬೇಕೆನ್ನುವಾಗ, ಹಾಸಿಗೆ ಹಿಡಿದಿದ್ದ ಮಾವ ಆದೆಪ್ಪ ಕೂಗಿ ಕರೆದು ಕೈ ಹಿಡಿದುಕೊಂಡ.

"ನಾಗೇಶ, ನಾ ಸತ್ತ ಮ್ಯಾಲ ನನ್ನ ಇಂಜಿನ್ನು ಒಂದ್ಸಲ ಕೂಗಬೇಕು. ಅದು ಕೂಗೂತನಕ ನನ್ನ ಮನಿಯಿಂದ ಹೊರಗ ತೆಗೀಬಾರದು. ಮಾತು ಕೊಡು."

"ಹೂಂ, ಆತ್ ಬಿಡ್ರಿ ಮಾವ," ಎಂದು ನಾಗೇಶ ಕೈ ಬಿಡಿಸಿಕೊಂಡು ಹೋದ. ಮಾವ ಇಂಥ ಮಾತು ಆಡುತ್ತ ವರ್ಷವೇ ಕಳೆದಿತ್ತು, ಸಾಯುವ ಲಕ್ಷಣವನ್ನಂತೂ ತೋರಿಸಿರಲಿಲ್ಲ. ಆದರೆ ವಾಲ್ವು ತಿರುಗಿಸಿ ಹಿಂದಿರುಗುವಷ್ಟರಲ್ಲಿ ಅತ್ತೆ ಹಂಪವ್ವ ಅಂಗಳದಲ್ಲಿ ಎದೆ ಬಡಿದುಕೊಂಡು ಅಳುತ್ತಿದ್ದಳು. ಪಕ್ಕದ ಮನೆಯ ವೆಂಕೋಬ ಆಗಲೇ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಯಜಮಾನಿಕೆಗೆ ನಿಂತಿದ್ದ. ಮಾತು ಕೊಟ್ಟದ್ದನ್ನು ಅವನೂ ಕೇಳಿದ್ದ, ನಾಗೇಶನ ಹೆಂಡತಿ ಸುಮಂಗಲಾಳೂ ಕೇಳಿದ್ದಳು.

ನಾಗೇಶನಿಗೆ ದುಃಖವಾಯಿತು, ಸುಳ್ಳಲ್ಲ. ದುಃಖದ ಬೆನ್ನಿಗೇ ಹಾಯೆನಿಸಿತು, ಅದೂ ಸುಳ್ಳಲ್ಲ. ಆದೆಪ್ಪ ಕೆಲಸದಿಂದ ನಿವೃತ್ತನಾದ ಮೇಲೆ ಮಗಳ ಮನೆಯ ಹಿಂದಿನ ಖೋಲಿ ಹಿಡಿದಿದ್ದ. ಅಂದಿನಿಂದ ನಾಗೇಶನ ಕಿವಿಗೆ ಬಿಡುವು ಎಂಬುದಿರಲಿಲ್ಲ. ಇವತ್ತು ಸಂಜೆಯೊಳಗೆ ಮಣ್ಣು ಮಾಡಿಬಂದರೆ ನಾಳೆಯಿಂದ ತನ್ನ ಮನೆಯಲ್ಲಿ ತಾನು ಸುಮ್ಮನೆ ಕೂತು ಉಣ್ಣಬಹುದು ಎಂಬುದೊಂದೇ ಅವನ ಆಸೆ. ದೊಡ್ಡ ಆಸೆಯೇನಲ್ಲ, ಅಳಿಯನಾದವನು ಪಡಬಹುದಾದದ್ದೇ.

ಆದೆಪ್ಪ ರೈಲು ಓಡಿಸುತ್ತಿದ್ದವನು. ಇಸವಿ ಎರಡು ಸಾವಿರದ ಒಂದರಲ್ಲಿ ಅಮೆರಿಕದಿಂದ ಹಡಗು ಹತ್ತಿ ಬಂದು ಹುಬ್ಬಳ್ಳಿ ಶೆಡ್ಡು ಸೇರಿದ ಡಬ್ಲ್ಯೂಡಿಪಿ-ನಾಲ್ಕು ಎಂಬ ಡೀಸೆಲ್ ಇಂಜಿನ್ನುಗಳೇ ಅವನ ಕುಲದೇವರು. ಪ್ಯಾಸೆಂಜರ್ ಗಾಡಿ ಎಳೆಯುವುದಕ್ಕೆಂದೇ ಹುಟ್ಟಿದ ಜಾತಿ ಅದು. "ಒಳಗ ಉರಿಯೂದು ಡೀಸೆಲ್ಲು, ಆದರ ಗಾಲಿ ತಿರಗೂದು ಕರೆಂಟಿಲೆ. ನಾಲ್ಕು ಸಾವಿರ ಕುದರಿ ಶಕ್ತಿ!" ಎಂದು ಅವನು ಶುರುಮಾಡಿದರೆ, ಅವು ಆಮೇಲೆ ವಾರಾಣಸಿಯಲ್ಲಿ ತಯಾರಾಗತೊಡಗಿದ್ದು, ಮುಂದೆ ಎರಡೂ ತುದಿಗೆ ಚಾಲಕನ ಕೋಣೆಯಿರುವ ತಮ್ಮಂದಿರು ಹುಟ್ಟಿದ್ದು, ಎಲ್ಲವೂ ಬರುತ್ತಿತ್ತು. ಮೊದಲಿನವಕ್ಕೆ ಕೋಣೆ ಒಂದೇ ಕಡೆ. ಉದ್ದನೆಯ ಮೂತಿ ಮುಂದಾಗಿ ಓಡುವಾಗ ಎದುರಿನ ದಾರಿ ಸರಿಯಾಗಿ ಕಾಣದೆ ಆದೆಪ್ಪ ಕಿಟಕಿಯಿಂದ ಕತ್ತು ಚಾಚಿ ಚಾಚಿ, ಕತ್ತು ಬಲಕ್ಕೆ ವಾಲಿಯೇ ನಿಂತುಬಿಟ್ಟಿತ್ತು. ಈ ಚರಿತ್ರೆಯನ್ನು ಊರಿನಲ್ಲಿ ಕೇಳದವರಿರಲಿಲ್ಲ. ಮೆಣಸಿನಕಾಯಿ ಬಜಿ ಮಾರುವ ತಾಜಬೀಗೂ ಯಾವ ಇಂಜಿನ್ನಿನ ಸೀಟಿ ಯಾವುದೆಂದು ಗೊತ್ತಿತ್ತು.

ಆಮೇಲೆ ಇಡೀ ಲೈನಿಗೆ ಕರೆಂಟು ತಂತಿ ಬಂತು. ಆದೆಪ್ಪ ಹಾಸಿಗೆ ಹಿಡಿದದ್ದು ಆಗಲೇ.

ಅಯ್ಯನವರು ಬಂದವರೇ ಪಂಚಾಂಗ ನೋಡಿ, "ನಾಳಿ ಅಮಾಸಿ ಐತಿ. ಇವತ್ತ ಹೊತ್ತು ಮುಳಗೂದರೊಳಗ ಮಣ್ಣಾಗಬೇಕು," ಎಂದರು. ಹಳಿಯ ಆಚೆ, ಗೇಟು ದಾಟಿ ಹೋದರೆ ಸಿಗುವ ರುದ್ರಭೂಮಿಯಲ್ಲಿ ಕುಣಿ ತೋಡಲು ಆಳುಗಳು ಹೋದರು. ಆದೆಪ್ಪನಿಗೆ ಜಳಕ ಮಾಡಿಸಿ, ವಿಭೂತಿ ಹಚ್ಚಿ, ಬಿದಿರಿನ ವಿಮಾನ ಕಟ್ಟಿ ಅದರಲ್ಲಿ ಕೂಡಿಸಿದರು. ಕತ್ತು ಎಷ್ಟು ನೆಟ್ಟಗೆ ಮಾಡಿದರೂ ಬಲಕ್ಕೇ ವಾಲಿತು.

"ಇರಲಿ ಬಿಡ್ರಿ. ಸಿಗ್ನಲ್ ನೋಡಾಕತ್ತಾನ," ಎಂದು ಹಂಪವ್ವ ಮತ್ತೆ ಅತ್ತಳು.

ಒಂದು ಸೀಟಿಯೆಂದರೆ ಏನು ಮಹಾ, ದಿನಕ್ಕೆಷ್ಟೋ ಗಾಡಿ ಹೋಗುತ್ತವೆ ಎಂದುಕೊಂಡಿದ್ದ ನಾಗೇಶ. ಸ್ವಲ್ಪ ಹೊತ್ತಿಗೆ ಒಂದು ಎಕ್ಸ್‌ಪ್ರೆಸ್ಸು ಕೂಗಿಕೊಂಡು ಹೋಯಿತು. ಅವನು ಟಣ್ಣನೆ ಎದ್ದು, "ಎತ್ರಿ ಎತ್ರಿ!" ಎಂದ. ಯಾರೂ ಎತ್ತಲಿಲ್ಲ.

"ಅದು ಕರೆಂಟಿಂದು," ಎಂದಳು ಬಾಗಿಲ ಬಳಿ ಕೂತಿದ್ದ ತಾಜಬೀ.

"ಸೀಟಿ ಸೀಟಿನ ಅಲ್ಲೇನಬೇ?"

"ನಿನ್ನ ಮಾವ ಇದನ್ನ ಕೇಳಿದರ ಎದ್ದ ಕುಂತ ಬೈತಿದ್ದ. ಅವನ ಇಂಜಿನ್ನಿಂದು ದಪ್ಪ ದನಿ, ಒಳಗಿಂದ ಬರತೈತಿ. ಇದು ಗಂಟಲದಾಗ ಕೂಗತೈತಿ."

ಕೂತಿದ್ದವರೆಲ್ಲ ಹೌದು ಹೌದೆಂದರು. ಸುಮಂಗಲಾ ಗಂಡನನ್ನು ದುರುಗುಟ್ಟಿ ನೋಡಿ, "ಮಾತು ಕೊಟ್ಟಾವ್ರು ನೀವ. ನಮ್ಮಪ್ಪ ಕೇಳಿದ್ದು ಒಂದ ಸೀಟಿ. ಬಂಗಾರ ಕೇಳಿಲ್ಲ," ಎಂದಳು.

ನಾಗೇಶ ಶಾಲೆಯ ಹಿಂದೆ ನಿಂತಿದ್ದ ಭತ್ತದ ಲಾರಿಯ ಡ್ರೈವರನ ಕಾಲು ಹಿಡಿದ. ಗಂಗಾವತಿಯ ಲಾರಿ, ಹಾರ್ನು ಜೋರಾಗಿತ್ತು. ಡ್ರೈವರು ಮರುಕದಿಂದ ಉದ್ದಕ್ಕೆ ಬಾರಿಸಿದ. ಊರಿನ ನಾಯಿಗಳೆಲ್ಲ ಊಳಿಟ್ಟವು. ನಾಗೇಶ ಓಡಿಬಂದು ಏನೂ ಅರಿಯದವನಂತೆ, "ಕೂಗ್ತಲ್ಲ! ಕೇಳಿದ್ರಿಲ್ಲೋ?" ಎಂದ.

ಹಂಪವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಳಿಯಂದ್ರ, ಆ ಸೀಟಿ ಕೇಳಿದ ಮ್ಯಾಲ ನಾ ಒಲಿ ಹಚ್ಚತಿದ್ದೆ, ಅವ ಮನಿ ಮುಟ್ಟೂದರಾಗ ರೊಟ್ಟಿ ಆಗತಿದ್ವು. ನನಗ ಲಾರಿ ಹಾರ್ನ್ ಕೇಳಸ್ತೀರೇನು? ಸತ್ತಾವನ ಮುಂದ ಸುಳ್ಳು ಹೇಳತೀರಲ್ರಿ."

ನಾಗೇಶ ತಲೆ ತಗ್ಗಿಸಿದ. ಆ ಕ್ಷಣ ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ಹಿಂದೆಯೇ ಯಾರೋ ಹೆಣ್ಣುಮಗಳು, "ಇವತ್ತ ನಮ್ಮ ಓಣಿಗೆ ನೀರು ಬಂದಿಲ್ಲಲ್ಲ ನಾಗೇಶ," ಎಂದು ಕೇಳಿದಳು.

ಬಿಸಿಲು ಏರುತ್ತಿತ್ತು. ಹೆಣ ಬಹಳ ಹೊತ್ತು ಇಡುವಂತಿರಲಿಲ್ಲ, ಊದುಬತ್ತಿಯ ಹೊಗೆಯೊಳಗೂ ಅದು ತಿಳಿಯತೊಡಗಿತ್ತು. ನಾಗೇಶ ಸ್ಟೇಷನ್ನಿಗೆ ಓಡಿದ, ವೆಂಕೋಬನೂ ಬೆನ್ನು ಹತ್ತಿದ. ಸ್ಟೇಷನ್ ಮಾಸ್ತರರು ಸುದ್ದಿ ಕೇಳಿ ಕುರ್ಚಿಯಿಂದ ಎದ್ದುನಿಂತರು. ಹಾಸಿಗೆ ಹಿಡಿಯುವ ಮುಂಚೆ ದಿನಾ ಸಂಜೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಆದೆಪ್ಪನ ಚರಿತ್ರೆ ಕೇಳಿದವರಲ್ಲಿ ಅವರೂ ಒಬ್ಬರು.

"ಅವರ ಇಂಜಿನ್ನು ಈ ಲೈನಿನಾಗ ಈಗ ಎಲ್ಲದಾವ್ರಿ? ಪ್ಯಾಸೆಂಜರ್ ಎಳ್ಯಾಕ ಹುಟ್ಟಿದ್ವು, ಈಗ ಕಲ್ಲು ಮಣ್ಣು ಎಳ್ಯಾಕತ್ತಾವ," ಎಂದವರು ಏನೋ ನೆನೆದು ತಡೆದರು. "ಹೌದಲ್ಲ! ಇವತ್ತ ಮಧ್ಯಾಹ್ನದ ಮ್ಯಾಲ ಗಿಣಗೇರಿ ಕಡಿಂದ ಜಲ್ಲಿ ಗಾಡಿ ಬರತೈತಿ, ನಿಮ್ಮ ಗೇಟಿನ ಹತ್ತರ ಕಲ್ಲು ಸುರುವಾಕ. ಅದಕ್ಕ ಹಚ್ಚಿದ್ದು ಅದ ಜಾತಿ ಇಂಜಿನ್ನು. ಸೀಟಿ ಹೊಡ್ಯಾಕ ಹೇಳ್ತೀನಿ, ಹೋಗ್ರಿ."

ನಾಗೇಶನ ಕಣ್ಣಲ್ಲಿ ನೀರು ಬಂತು. ಅಷ್ಟಕ್ಕೇ ಕೈಮುಗಿದು ಹೊರಟಿದ್ದರೆ ಈ ಕತೆ ಸುಖವಾಗಿ ಮುಗಿಯುತ್ತಿತ್ತು. ವೆಂಕೋಬ ಅವನ ಅಂಗಿ ಹಿಡಿದು ಎಳೆದ.

"ಒಂದು ಸೀಟಿ ಮನಿ ಬಿಡೂ ಮುಂದ ಆತು. ಮಣ್ಣು ಹಾಕೂ ಮುಂದ ಬ್ಯಾಡೇನು? ಸರ್ಕಾರಿ ಮನಷ್ಯಾರಿಗೆ ಗುಂಡು ಹಾರಸ್ತಾರ ನೋಡು, ಅದೂ ಕುಣಿ ಹತ್ತರನ. ಕಲ್ಲು ಸುರುವಿ ಗಾಡಿ ಹೊಂಟ ಹೋದರ ಏನ್ ಮಾಡ್ತಿ? ನಿಮ್ಮತ್ತಿ ಮತ್ತ ಕುಣಿ ಮುಂದ ಹಟ ಹಿಡಿದ್ರ?"

ಕುಣಿಯ ಮುಂದೆ ಇನ್ನೊಂದು ಸೀಟಿಗಾಗಿ ಕಾಯುವ ಶಕ್ತಿ ನಾಗೇಶನಲ್ಲಿರಲಿಲ್ಲ. ಹಿಂದಿರುಗಿ ಮಾಸ್ತರರ ಕಾಲಿಗೇ ಬಿದ್ದ.

"ಸಾಹೇಬ್ರ, ಮಾವಂದು ಮಣ್ಣಾಗೂತನಕ ಆ ಗಾಡಿ ಜಾಗ ಬಿಟ್ಟು ಕದಲಬಾರದ್ರಿ. ಇದೊಂದು ಉಪಕಾರ ಮಾಡ್ರಿ."

ಮಾಸ್ತರರು ಒಳ್ಳೆಯ ಮನುಷ್ಯರು. ಫೋನೆತ್ತಿ ಮೇಲಿನವರೊಡನೆ ಬಹಳ ಹೊತ್ತು ಮಾತಾಡಿದರು, ಸತ್ತವನ ಸೇವೆಯ ವರ್ಷಗಳನ್ನೆಲ್ಲ ಹೇಳಿದರು. ಕೊನೆಗೆ ಒಪ್ಪಿಗೆ ಸಿಕ್ಕಿತು. ಆಮೇಲೆ ಗಾಡಿಯ ಗಾರ್ಡು ಹನುಮಂತಪ್ಪನಿಗೂ ನಾಗೇಶನ ಎದುರೇ ಫೋನಿನಲ್ಲಿ ಹೇಳಿದರು: "ಮ್ಯಾಲಿಂದ ಆರ್ಡರ್ ಆಗೇತ್ರಿ. ಆದೆಪ್ಪನವರು ಮಣ್ಣಾಗಿದ್ದನ್ನ ಕಣ್ಣಾರೆ ನೋಡಿ, ಆಮ್ಯಾಲ ಗಾಡಿ ಬಿಡ್ರಿ. ಅಲ್ಲೀತನಕ ಒಂದು ಗಾಲಿನೂ ತಿರಗಬಾರದು."

ಜಲ್ಲಿ ಗಾಡಿ ಮಧ್ಯಾಹ್ನದ ಮೇಲೆ ಎಂದದ್ದು ಬರುವಾಗ ಬಿಸಿಲು ಇಳಿದಿತ್ತು. ಅಲ್ಲಿಯವರೆಗೆ ನಾಗೇಶ ನೊಣ ಓಡಿಸುತ್ತ ಮಾವನ ಪಕ್ಕದಲ್ಲೇ ಕೂತಿದ್ದ. ಬದುಕಿದ್ದಾಗ ಇಷ್ಟು ಹೊತ್ತು ಅವರಿಬ್ಬರೂ ಜೊತೆಗೆ ಕೂತದ್ದಿಲ್ಲ. ಕಡೆಗೊಮ್ಮೆ ಹಳಿಯ ಕಡೆಯಿಂದ ದಪ್ಪನೆಯ, ಎದೆಯೊಳಗೆ ಇಳಿಯುವ ದನಿ ಕೇಳಿಸಿತು. ಕೇಳಿಸಿಯೇ ಕೇಳಿಸಿತು, ಇನ್ನೂ ಉದ್ದವಾಯಿತು. ತಾಜಬೀ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಹಂಪವ್ವ ಎದ್ದು ಒಲೆಯ ಕಡೆ ಎರಡು ಹೆಜ್ಜೆ ನಡೆದು, ನೆನಪಾಗಿ ನಿಂತುಬಿಟ್ಟಳು. ನಾಗೇಶನಿಗೂ ಅಳು ಬಂತು. ಅದು ಯಾರಿಗೂ ತೋರಿಸಲಿಕ್ಕೆ ಬಂದ ಅಳುವಲ್ಲ.

"ಎತ್ರಿ," ಎಂದಳು ಹಂಪವ್ವ.

ಭಜನೆಯೊಡನೆ ವಿಮಾನ ಹೊರಟು ಗೇಟಿಗೆ ಬಂತು. ಗೇಟು ಹಾಕಿತ್ತು. ಗೇಟಿನ ಅಡ್ಡಕ್ಕೆ ಜಲ್ಲಿಯ ಡಬ್ಬಿಗಳು, ಈ ಕಡೆ ನೋಡಿದರೂ ಡಬ್ಬಿ, ಆ ಕಡೆ ನೋಡಿದರೂ ಡಬ್ಬಿ. ದೂರದಲ್ಲಿ ಇಂಜಿನ್ನು ಗುರುಗುಡುತ್ತ ನಿಂತಿತ್ತು. ಕಲ್ಲು ಸುರಿದು ಆಗಲೇ ಮುಗಿದಿತ್ತು. ಹಿಂದಿನ ಡಬ್ಬಿಯಿಂದ ಗಾರ್ಡು ಹನುಮಂತಪ್ಪ ಹಸಿರು ಬಾವುಟವನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಹೆಣಕ್ಕೆ ಕೈಮುಗಿದ.

"ಗಾಡಿ ಜರಾ ಮುಂದ ತಗೋರಿ ಯಜಮಾನ್ರ, ದಾಟಬೇಕು," ಎಂದ ನಾಗೇಶ.

"ಮಣ್ಣಾತೇನ್ರಿ?"

"ದಾಟಿದರ ಆಗತೈತಿ. ಕುಣಿ ಆಕಡೆ ಐತಿ."

"ಮಣ್ಣಾಗೂತನಕ ಒಂದು ಗಾಲಿನೂ ತಿರಗಬಾರದಂತ ಆರ್ಡರ್ ಐತ್ರಿ," ಎಂದ ಹನುಮಂತಪ್ಪ. "ಯಾರೋ ಅಳಿಯಂದ್ರು ಕಾಲು ಬಿದ್ದು ಕೇಳ್ಕೊಂಡಾರಂತ."

ನಾಗೇಶ ಅವನ ಕೈ ಹಿಡಿದುಕೊಂಡ. ಮಣ್ಣಾಯಿತೆಂದೇ ಬರೆದುಕೊಳ್ಳಿ ಎಂದು ಗೋಗರೆದ. "ಹೆಣ ನನ್ನ ಕಣ್ಣಮುಂದ ಕುಂತೈತಿ, ನನ್ನ ಕಡೇನ ಕತ್ತು ವಾಲಿಸಿ ನೋಡಾಕತ್ತೈತಿ. ಹೆಂಗ ಸುಳ್ಳು ಹೇಳಲಿ?" ಎಂದ ಹನುಮಂತಪ್ಪ. ಡಬ್ಬಿಗಳ ನಡುವೆ ನುಸುಳೋಣವೆಂದರೆ ಕೂಡಿಸಿದ ಹೆಣ, ಎತ್ತರದ ವಿಮಾನ. ಸುತ್ತಿ ಹೋಗೋಣವೆಂದರೆ ಇನ್ನೊಂದು ಗೇಟು ಪಕ್ಕದ ಊರಿನಲ್ಲಿ. ನಾಗೇಶ ಸ್ಟೇಷನ್ನಿಗೆ ಓಡಿದ. ಬೆಳಗಿನ ಮಾಸ್ತರರು ಡ್ಯೂಟಿ ಮುಗಿಸಿ ಗಂಗಾವತಿಯ ಬಸ್ಸು ಹತ್ತಿದ್ದರು, ಅವರ ಫೋನು ಸ್ವಿಚ್ ಆಫ್ ಆಗಿತ್ತು. ಕುರ್ಚಿಯಲ್ಲಿದ್ದ ಹೊಸಬರು ಎಲ್ಲ ಕೇಳಿ ನಿಟ್ಟುಸಿರು ಬಿಟ್ಟರು.

"ಮ್ಯಾಲಿನವರ ಆರ್ಡರ್ ನಾ ಹೆಂಗ ಮುರೀಲ್ರಿ? ನೀವು ಲಗೂನ ಮಣ್ಣು ಮಾಡಿ ಬಂದ್ಬಿಡ್ರಿ, ಗಾಡಿ ತಾನ ಹೋಗತೈತಿ."

ಅವನು ಹಿಂದಿರುಗಿದಾಗ ಸೂರ್ಯ ಡಬ್ಬಿಗಳ ಆಚೆ ಇಳಿಯುತ್ತಿದ್ದ. ಹೊತ್ತವರ ಹೆಗಲು ಸೋತು ವಿಮಾನವನ್ನು ರಸ್ತೆಯಲ್ಲಿ ಇಳಿಸಿದ್ದರು. ಮನೆ ಬಿಟ್ಟ ಹೆಣವನ್ನು ಮತ್ತೆ ಒಳಗೆ ಒಯ್ಯುವಂತಿಲ್ಲ. ಅಯ್ಯನವರು ಆಕಾಶ ನೋಡಿ, "ಇನ್ನ ಭಾಳ ಹೊತ್ತಿಲ್ಲ. ಈಕಡೆ ಯಾರದರ ಜಾಗ ಇದ್ರ ಅಲ್ಲೇ ಮುಗಸ್ರಿ," ಎಂದರು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಹೊಲದಲ್ಲಿ ಬೇರೆಯವರ ಗೋರಿ ಯಾರಿಗೆ ಬೇಕು? ವೆಂಕೋಬನೇ ಬಾಯಿ ತೆಗೆದ. "ನಾಗೇಶನ ಹಿತ್ತಲ ಐತೆಲ್ಲ. ಹಳೀಗೆ ಹತ್ತಿನ ಐತಿ. ಗಾರ್ಡ್ ಸಾಹೇಬ್ರಿಗೂ ಕಾಣತೈತಿ."

ನಾಗೇಶ ಬೇಡವೆನ್ನಲು ಬಾಯಿ ತೆರೆದ. ಸುಮಂಗಲಾ ಅವನ ಎರಡೂ ಕೈ ಹಿಡಿದುಕೊಂಡಳು. ಮದುವೆಯಾದ ಮೇಲೆ ಅವಳು ಹೀಗೆ ಅವನನ್ನು ನೋಡಿರಲಿಲ್ಲ. "ನಮ್ಮಪ್ಪನ್ನ ದೂರ ಕಳಸಲಿಲ್ಲ ನೀವು," ಎಂದು ಬಿಕ್ಕಿದಳು. ಅವನು ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದ.

ಹಿಂದಿನ ಖೋಲಿಯ ಕಿಟಕಿಯ ಕೆಳಗೆ, ಬದನೆಕಾಯಿ ಮಡಿ ಕಿತ್ತು ಕುಣಿ ತೋಡಿದರು. ಆದೆಪ್ಪನನ್ನು ಹಳಿಯ ಕಡೆ ಮುಖ ಮಾಡಿ ಕೂಡಿಸಿದರು. ಬಿಲ್ವಪತ್ರೆ ಬಿತ್ತು, ವಿಭೂತಿ ಬಿತ್ತು, ಮಣ್ಣು ಬಿತ್ತು. ಹನುಮಂತಪ್ಪ ಬೇಲಿಯಾಚೆ ನಿಂತು ಎಲ್ಲವನ್ನೂ ಕಣ್ಣಾರೆ ನೋಡಿ, ಬಾವುಟ ಬೀಸಿದ. ಇಂಜಿನ್ನು ಮತ್ತೊಮ್ಮೆ ಉದ್ದಕ್ಕೆ ಕೂಗಿ, ಡಬ್ಬಿಗಳನ್ನೆಳೆದುಕೊಂಡು ಹೊರಟುಹೋಯಿತು. ಗೇಟು ತೆರೆಯಿತು. ರುದ್ರಭೂಮಿಯ ದಾರಿ ಉದ್ದಕ್ಕೂ ಖಾಲಿಯಾಗಿ ಕಾಣಿಸಿತು.

"ಹಟ ಸಾಧಿಸಿದ ನೋಡು, ಮಗಳ ಮನಿ ಬಿಡಲಿಲ್ಲ," ಎಂದಳು ತಾಜಬೀ. ಜನ ಕೈಕಾಲು ತೊಳೆಯಲು ನೀರು ಕೇಳಿದರು. ನಾಗೇಶ ಕೊಡ ತರಲು ತಿರುಗಿದಾಗ ಅಯ್ಯನವರು ತಡೆದರು.

"ಆಕಡೆ ತೋಡಿದ ಕುಣಿ ಹಂಗ ಬಾಯಿ ತೆರದ ಬಿಡಬಾರದಪ್ಪ. ಖಾಲಿ ಕುಣಿ ಮನಿಯಾಗಿನ ಇನ್ನೊಬ್ಬರನ್ನ ಕೇಳತೈತಿ. ಇವತ್ತ ಮುಚ್ಚಬೇಕು."

ಕುಣಿ ತೋಡಿದ ಆಳುಗಳು ಕಾದು ಬೇಸತ್ತು ಮನೆಗೆ ಹೋಗಿದ್ದರು. ಎಲ್ಲರೂ ನಾಗೇಶನನ್ನೇ ನೋಡಿದರು. ಅವನು ಸಲಿಕೆ ಹೆಗಲಿಗೇರಿಸಿ ಗೇಟು ದಾಟಿ ಒಬ್ಬನೇ ಹೋದ. ಅಲ್ಲಿ ಯಾರೂ ಇರಲಿಲ್ಲ, ಒಂದು ಮಾತೂ ಕೇಳಿಸುತ್ತಿರಲಿಲ್ಲ. ನಾಗೇಶ ಕುಣಿಯ ಅಂಚಿನಲ್ಲಿ ಕೂತು, ಸಲಿಕೆಯನ್ನು ಪಕ್ಕಕ್ಕಿಟ್ಟು, ಸ್ವಲ್ಪ ಹೊತ್ತು ಕಾಲನ್ನು ಒಳಗೆ ಇಳಿಬಿಟ್ಟುಕೊಂಡ.