ಕುಶಲಕ್ಕನ ಮಡಿಲಲ್ಲಿ ಕ್ರೋಮ್‌ಬುಕ್

ರಿತೇಶನ ಹೊಸ ಕ್ರೋಮ್‌ಬುಕ್ ಎಷ್ಟು ಹಗುರ ಎಂದರೆ, ಅದು ಬ್ಯಾಗಿನಲ್ಲಿ ಇದೆಯೋ ಇಲ್ಲವೋ ಎಂದು ಅವನ ಹೆಗಲಿಗೇ ಗೊತ್ತಾಗುತ್ತಿರಲಿಲ್ಲ. ಆ ದಿನದ ರಾಮಾಯಣಕ್ಕೆಲ್ಲ ಕಾರಣ ಇಷ್ಟೇ.

ಅವನ ಹಳೆಯ ಲ್ಯಾಪ್‌ಟಾಪ್ ಮಸಾಲೆ ಕಡೆಯುವ ಕಲ್ಲಿನ ಜಾತಿಯದ್ದು. ಕುಕ್ಕುಂದೂರಿನಿಂದ ಮಣಿಪಾಲಕ್ಕೆ ದಿನಾ ಅದನ್ನು ಹೊತ್ತು ಹೊತ್ತು ರಿತೇಶ ಸಮುದ್ರದ ಬದಿಯ ತೆಂಗಿನ ಮರದ ಹಾಗೆ ಒಂದು ಕಡೆಗೆ ವಾಲಿದ್ದ. ಹಗುರದ್ದೊಂದು ತೆಗೆದುಕೊಳ್ಳುತ್ತೇನೆ ಎಂದು ಹೊರಟಾಗ ಸಲಹೆ ಕೊಡದವರೇ ಇಲ್ಲ.

"ಗೇಮ್ ಆಡಲಿಕ್ಕೆ ಆಗದ ಲ್ಯಾಪ್‌ಟಾಪ್ ಎಂತಕ್ಕೆ ಮಾರಾಯ? ಫೈಟ್ ಇಲ್ಲದ ಸಿನಿಮಾ ಅದು," ಎಂದ ಆಫೀಸಿನ ಗೆಳೆಯ ಪ್ರಖ್ಯಾತ್.

ಪಕ್ಕದ ಮನೆಯ ಕುಶಲಕ್ಕ ಅಂತೂ ತಂದ ದಿನವೇ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ್ದರು. "ತೂಕವೇ ಇಲ್ಲವಲ್ಲ. ಒಳಗೆ ಎಲ್ಲ ಹಾಕಿದ್ದಾರಾ ಅಂತ ಅಂಗಡಿಯವರ ಹತ್ತಿರ ಕೇಳಿದ್ದಿಯಾ?"

"ಒಳಗೆ ಎಂತದೂ ಬೇಡ ಕುಶಲಕ್ಕ. ಎಲ್ಲ ಇಂಟರ್‌ನೆಟ್ಟಿನಲ್ಲಿ ಉಂಟು. ಇದು ಬರೀ ಬಾಗಿಲು."

"ಮನೆ ಬಿಟ್ಟು ಬಾಗಿಲು ಮಾತ್ರ ತಗೊಂಡು ಬಂದಿದ್ದಿ, ಅಲ್ವಾ?"

ಯಾರು ಏನೆಂದರೂ ರಿತೇಶ ಅದರ ಅಭಿಮಾನಿ ಸಂಘದ ಅಧ್ಯಕ್ಷನಾಗಿಬಿಟ್ಟ. ಮುಚ್ಚಳ ತೆರೆದ ಕೂಡಲೇ ಶುರು. ಬೆಳಿಗ್ಗೆ ಚಾರ್ಜ್ ಮಾಡಿದರೆ ಸಂಜೆಯವರೆಗೆ ಚಿಂತೆಯಿಲ್ಲ. ಸಿಮ್ ಹಾಕುವ ಜಾತಿಯದ್ದಾದ್ದರಿಂದ ಎಲ್ಲಿ ಕೂತರೂ ನೆಟ್. ಸಲ ಸಲಕ್ಕೂ ಪಾಸ್‌ವರ್ಡ್ ಯಾರು ಒತ್ತುತ್ತಾರೆ ಎಂದು ಅದನ್ನೂ ಕೇಳದ ಹಾಗೆ ಮಾಡಿಟ್ಟಿದ್ದ. ಎಲ್ಲಕ್ಕಿಂತ ಅವನಿಗೆ ಹುಚ್ಚು ಹಿಡಿಸಿದ್ದು ಒಂದು ಮೈಕಿನ ಚಿತ್ರ. ಅದನ್ನು ಒತ್ತಿ ಕನ್ನಡದಲ್ಲಿ ಮಾತಾಡಿದರೆ ಕ್ರೋಮ್‌ಬುಕ್ ತಾನೇ ಬರೆದುಕೊಳ್ಳುತ್ತಿತ್ತು.

ಅವನು ಕೆಲಸ ಮಾಡುತ್ತಿದ್ದದ್ದು ಮಣಿಪಾಲದ ಹಾಸ್ಟೆಲ್‌ಗಳಿಗೆ ಮಂಚ, ಕಪಾಟು ಸಪ್ಲೈ ಮಾಡುವ ಆಫೀಸಿನಲ್ಲಿ. ಧಣಿ ರೊಸಾರಿಯೊ ಆ ದಿನ ಎರಡು ವಿಷಯ ತೀರ್ಮಾನ ಮಾಡುವವರಿದ್ದರು. ಆಫೀಸಿಗೆಲ್ಲ ಯಾವ ಲ್ಯಾಪ್‌ಟಾಪ್ ತೆಗೆದುಕೊಳ್ಳುವುದು, ಮತ್ತು ಕಾಪುವಿನ ಗೋಡೌನಿಗೆ ಯಾರನ್ನು ಹಾಕುವುದು. ಮೊದಲನೆಯದನ್ನು ವಿವರಿಸುವ ಜವಾಬ್ದಾರಿ ರಿತೇಶನದ್ದು. ಎರಡನೆಯದರಿಂದ ತಪ್ಪಿಸಿಕೊಳ್ಳುವ ಜವಾಬ್ದಾರಿಯೂ ಅವನದ್ದೇ. ಕಾಪುವಿಗೆ ಹೋಗಬೇಕಾದರೆ ಬಸ್ ಬದಲಿಸಿ ಬದಲಿಸಿ ಸಾಯಬೇಕು. ಅಲ್ಲಿ ಇಡೀ ದಿನ ಮಾತಾಡಲು ಇರುವುದು ಮಂಚಗಳು ಮಾತ್ರ. ಅದಕ್ಕೇ ಅವನು, ಅಮ್ಮನಿಗೆ ವಿಪರೀತ ಮಂಡಿ ನೋವು, ಬೇಗ ಮನೆ ಸೇರಬೇಕು ಎಂದು ರೊಸಾರಿಯೊ ಅವರ ಕಿವಿಗೆ ಮೊದಲೇ ಹಾಕಿಟ್ಟಿದ್ದ. ಇವತ್ತು ಕ್ರೋಮ್‌ಬುಕ್ ಹಿಟ್ ಆದರೆ ಮಣಿಪಾಲದಲ್ಲಿ ಅವನ ಕುರ್ಚಿಯನ್ನು ಅಲ್ಲಾಡಿಸುವವರು ಇರಲಿಲ್ಲ.

ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿಂತವರ ಬ್ಯಾಗು ಕೂತವರ ಮಡಿಲಿಗೆ ಎನ್ನುವುದು ನಮ್ಮ ಕಡೆಯ ಬಸ್ಸುಗಳ ಧರ್ಮ. ಉಡುಪಿಗೆ ಹೊರಟಿದ್ದ ಕುಶಲಕ್ಕ ಕಿಟಕಿ ಬದಿಯಲ್ಲಿ ಕೂತಿದ್ದರು.

"ಕೊಡು ಇಲ್ಲಿ. ಅದು ಹೇಗೂ ಹಪ್ಪಳದಷ್ಟೇ ಭಾರ."

ರಿತೇಶ ಮೊಬೈಲನ್ನೂ ಬ್ಯಾಗಿನ ಜೇಬಿಗೆ ತುರುಕಿ ಕೊಟ್ಟ. ಟಿಫಿನ್ ಚೀಲ ಕೈಯಲ್ಲೇ ಉಳಿಯಿತು. ಮಣಿಪಾಲ ಬಂದಾಗ ಜನರ ನಡುವಿನಿಂದ ಪೇಸ್ಟಿನ ಹಾಗೆ ಹಿಂಡಿಸಿಕೊಂಡು ಹೊರಗೆ ಬಿದ್ದ. ಹಳೆಯ ಲ್ಯಾಪ್‌ಟಾಪ್ ಆಗಿದ್ದರೆ, ಭಾರ ಎಲ್ಲಿ ಹೋಯಿತು ಎಂದು ಹೆಗಲೇ ಬೊಬ್ಬೆ ಹಾಕುತ್ತಿತ್ತು. ಈಗ ಅದೂ ಸುಮ್ಮನಿತ್ತು. ಬಸ್ ಹೋಯಿತು. ರಿತೇಶ ಸ್ಲೋ ಮೋಶನ್ನಿನಲ್ಲಿ ಬರುವ ಹೀರೋನ ಹಾಗೆ ಕೂದಲು ಹಾರಿಸುತ್ತಾ ಆಫೀಸಿಗೆ ಎಂಟ್ರಿ ಕೊಟ್ಟ.

"ಎಲ್ಲಿ ನಿನ್ನ ಹೀರೋಯಿನ್?" ಎಂದ ಪ್ರಖ್ಯಾತ್.

ರಿತೇಶ ಮೇಜಿನ ಮೇಲೆ ಟಿಫಿನ್ ಇಟ್ಟ. ಅದನ್ನೇ ನೋಡುತ್ತಾ ನಿಂತ.

"ಬಸ್ಸಿನಲ್ಲಿ. ಕುಶಲಕ್ಕನ ಮಡಿಲಲ್ಲಿ."

"ಫೋನ್ ಮಾಡು ಮತ್ತೆ."

"ಫೋನೂ ಅಲ್ಲೇ ಉಂಟು."

"ನನ್ನದರಿಂದ ಮಾಡು. ಅವರ ನಂಬರ್ ಹೇಳು."

"ನಂಬರ್ ಫೋನಿನಲ್ಲಿ ಉಂಟು."

ಅಷ್ಟರಲ್ಲಿ ರೊಸಾರಿಯೊ ಬಂದರು. ದನಿ ಏರಿಸದ, ಅವಸರ ಮಾಡದ ಮನುಷ್ಯ. "ಎಲ್ಲಿ ರಿತೇಶ್ ನಿಮ್ಮ ಮೆಷಿನ್?"

ಸಿಕ್ಕಿಬಿದ್ದಾಗ ಡೈಲಾಗ್ ಹೊಡೆಯಬೇಕು. ರಿತೇಶ ಹೊಡೆದ. "ತಂದಿಲ್ಲ ಸರ್. ಅದೇ ಇದರ ಗಮ್ಮತ್ತು. ಮೆಷಿನ್ ಎಲ್ಲೇ ಇರಲಿ, ಮನುಷ್ಯ ಎಲ್ಲೇ ಇರಲಿ, ಕೆಲಸ ಮಾತ್ರ ಇಲ್ಲಿ ಹಾಜರ್. ನಿನ್ನೆ ನಾನು ಕಳಿಸಿದ ಫೈಲನ್ನು ನಿಮ್ಮ ಕಂಪ್ಯೂಟರಿನಲ್ಲಿ ತೆರೆಯಿರಿ."

ರೊಸಾರಿಯೊ ತೆರೆದರು. ಗೋಡೆಯ ದೊಡ್ಡ ಟಿವಿಯಲ್ಲಿ 'ನಮಗೆ ಕ್ರೋಮ್‌ಬುಕ್ ಯಾಕೆ ಸಾಕು' ಎಂಬ ಪುಟ ಬಂತು.

"ನಮಗೆ ಎಂತ ಕೆಲಸ ಸರ್? ಮೇಲ್, ಬಿಲ್, ಮಂಚದ ಅಳತೆ. ಒಂದು ತೆಂಗಿನಕಾಯಿ ಕಳಿಸಲಿಕ್ಕೆ ಲಾರಿ ಯಾಕೆ? ಡಿಸೈನ್ ಮಾಡುವ ಆ ಹಳೆ ಸಾಫ್ಟ್‌ವೇರ್ ಇದರಲ್ಲಿ ಹಾಕಲಿಕ್ಕೆ ಬರುವುದಿಲ್ಲ. ಅದಕ್ಕೆ ಹಳೆ ಕಂಪ್ಯೂಟರ್ ಒಂದು ಮೂಲೆಯಲ್ಲಿ ಇರಲಿ."

ರೊಸಾರಿಯೊ ತಲೆ ಆಡಿಸಿದರು. ಆಗಲೇ ಟಿವಿಯಲ್ಲಿ, ಪುಟದ ಕೊನೆಗೆ, ಅಕ್ಷರಗಳು ತಾವಾಗಿಯೇ ಮೂಡತೊಡಗಿದವು.

'ಹಲೋ ರಿತೇಶಾ ಹಲೋ'

ಪ್ರಖ್ಯಾತ್ ಕುರ್ಚಿ ಹಿಂದೆ ಸರಿಸಿದ. ರಿತೇಶನಿಗೆ ಮಾತ್ರ ಕೂಡಲೇ ಗೊತ್ತಾಯಿತು. ಇದೇ ಫೈಲನ್ನು ಅವನು ನಿನ್ನೆ ರಾತ್ರಿಯಿಂದ ಅದರಲ್ಲಿ ತೆರೆದೇ ಇಟ್ಟಿದ್ದ, ಅಲ್ಲಿ ಬರೆದದ್ದೆಲ್ಲ ಇಲ್ಲೂ ಕಾಣುತ್ತಿತ್ತು. ಬ್ಯಾಗು ತನ್ನಲ್ಲೇ ಉಳಿದದ್ದು ನೋಡಿ ಕುಶಲಕ್ಕ ಅವನಿಗೆ ಫೋನ್ ಮಾಡಿರಬೇಕು, ಫೋನು ಬ್ಯಾಗಿನೊಳಗೇ ರಿಂಗ್ ಆಗಿರಬೇಕು, ಕ್ರೋಮ್‌ಬುಕ್ ತೆರೆದು ಮೈಕಿನ ಚಿತ್ರ ಕಂಡು ಇದೇ ಕಾಲ್ ಮಾಡುವ ಬಟನ್ ಎಂದು ಒತ್ತಿರಬೇಕು.

'ಹಲೋ ಎಂತ ಮಾತಾಡುವುದಿಲ್ಲ ಇವ ನಿನ್ನ ಬ್ಯಾಗ್ ನನ್ನ ಹತ್ತಿರ ಉಂಟು'

"ಇದು ಯಾರು?" ಎಂದರು ರೊಸಾರಿಯೊ.

"ಡೆಮೊ ಸರ್. ನಮ್ಮ ಅಸಿಸ್ಟೆಂಟ್ ಒಬ್ಬರನ್ನು ಮೆಷಿನ್ ಕೊಟ್ಟು ಬಸ್ಸಿನಲ್ಲಿ ಕೂರಿಸಿದ್ದೇನೆ. ಅಲ್ಲಿ ಮಾತಾಡಿದ್ದು ಇಲ್ಲಿ ಬರ್ತದೆ."

'ಇಂದ್ರಾಳಿ ಇಂದ್ರಾಳಿ ಇಳಿಯುವವರು ಮುಂದೆ ಬನ್ನಿ'

ರೊಸಾರಿಯೊ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಕಂಡಕ್ಟರನದ್ದೂ ಬಂತು. ಭಾರೀ ಚಂದ ಉಂಟಲ್ಲ ಮಾರಾಯ್ರೆ."

ಸಿನಿಮಾ ಆಗಿದ್ದರೆ ಇಲ್ಲೇ 'ಶುಭಂ' ಬೀಳಬೇಕಿತ್ತು. ಆದರೆ ಬಸ್ ಹೋಗಿ ಕಲ್ಸಂಕದ ಟ್ರಾಫಿಕ್ಕಿನಲ್ಲಿ ಸಿಕ್ಕಿ ನಿಂತಿತು. ಬಸ್ ನಿಂತರೂ ನಿಲ್ಲದ್ದು ಕುಶಲಕ್ಕನ ಬಾಯಿ. ಈ ಕಡೆಯಿಂದ ಉತ್ತರ ಬಾರದೆ ಅವರು ಪಕ್ಕದ ಸೀಟಿನವಳನ್ನು ಹಿಡಿದುಕೊಂಡಿದ್ದರು. ಆಕೆ ಘಟ್ಟದ ಮೇಲಿನವಳು ಎಂದು ಟಿವಿಯೇ ಹೇಳುತ್ತಿತ್ತು.

'ಯಾರದ್ರಿ ಅಕ್ಕಾರ ಇದು'

'ನಮ್ಮ ಪಕ್ಕದ ಮನೆ ಹುಡುಗನದ್ದು ದ್ರಾಕ್ಷಾಯಿಣಿ ಪಾಪದವ ತಲೆ ಮಾತ್ರ ಈ ಪೆಟ್ಟಿಗೆಯ ಹಾಗೆ ಒಳಗೆ ಎಂತದೂ ಇಲ್ಲ'

ರೊಸಾರಿಯೊ ತಿರುಗಿ ನೋಡಿದರು.

"ಸ್ಕ್ರಿಪ್ಟ್ ಸರ್," ಎಂದ ರಿತೇಶ. "ನ್ಯಾಚುರಲ್ ಆಗಿ ಬರಲಿ ಅಂತ."

'ಇವನ ಧಣಿ ಒಬ್ಬರು ಇದ್ದಾರೆ ರೊಸಾರಿಯೊ ಅಂತ ತುಕ್ಕು ಹಿಡಿದ ಶಟರಿನ ಹಾಗಂತೆ ಇಬ್ಬರು ಸೇರಿ ಎತ್ತಿದರೆ ಮಾತ್ರ ಮೇಲೆ ಹೋಗುವುದಂತೆ ಇವನೇ ಹೇಳಿದ್ದು'

ರಿತೇಶ ಕೀಬೋರ್ಡಿನ ಮೇಲೆ ಹಾರಿದ. ಅಳಿಸುವ ಬಟನ್ ಮೇಲೆ ಬೆರಳೂರಿ ನಿಂತ. ಅವನು ಒಂದು ಸಾಲು ಅಳಿಸುವಷ್ಟರಲ್ಲಿ ಕುಶಲಕ್ಕ ಎರಡು ಸಾಲು ಮುಂದೆ ಹೋಗಿರುತ್ತಿದ್ದರು. ಕುಶಲಕ್ಕನ ಮಾತಿಗಿಂತ ಮುಂದೆ ಓಡಿದವರು ಕುಕ್ಕುಂದೂರಿನಲ್ಲಿ ಈವರೆಗೆ ಹುಟ್ಟಿಲ್ಲ.

"ಬಿಡಿ ಮಾರಾಯ್ರೆ, ಓದುವ," ಎಂದರು ರೊಸಾರಿಯೊ. "ಶಟರ್ ಅಂತ ನನ್ನ ಹೆಂಡತಿ ಕ್ಲಾರಾನೂ ಹೇಳುವುದುಂಟು."

'ಈಗ ಕಾಪುವಿಗೆ ಹಾಕ್ತಾರೆ ಅಂತ ಇವನಿಗೆ ಹೆದರಿಕೆ ಅದಕ್ಕೆ ಅಮ್ಮನ ಮಂಡಿ'

ರಿತೇಶನ ಕಾಲು ಅಪ್ಪಿತಪ್ಪಿ ಎನ್ನುವ ಹಾಗೆ ವಯರಿಗೆ ಸಿಕ್ಕಿತು. ಟಿವಿ ಕಪ್ಪಾಯಿತು.

"ಕರೆಂಟ್ ಹೋಯ್ತು ಸರ್."

ರೊಸಾರಿಯೊ ತಲೆ ಎತ್ತಿ, ತಿರುಗುತ್ತಿದ್ದ ಫ್ಯಾನನ್ನು ಸ್ವಲ್ಪ ಹೊತ್ತು ನೋಡಿದರು. ಚಹಾ ತರಿಸಿದರು, ನಿಧಾನಕ್ಕೆ ಕುಡಿದರು, ಲೋಟ ಕೆಳಗಿಟ್ಟರು.

"ಮೆಷಿನ್ ಪಾಸ್. ಎಲ್ಲರಿಗೂ ಇದನ್ನೇ ತಗೊಳ್ಳುವ."

ರಿತೇಶನ ಎದೆಯೊಳಗೆ ಚೆಂಡೆ ಬಾರಿಸಿದ ಹಾಗಾಯಿತು. ಆ ಸದ್ದು ಅಡಗುವ ಮೊದಲೇ ಬಾಗಿಲಲ್ಲಿ ಕುಶಲಕ್ಕ ಪ್ರತ್ಯಕ್ಷರಾದರು. ಕಲ್ಸಂಕದಲ್ಲೇ ಇಳಿದು, ಎದುರಿನಿಂದ ಬಂದ ಬಸ್ ಹತ್ತಿ ವಾಪಸ್ ಬಂದಿದ್ದರು.

"ಎಂತ ಮಾರಾಯ, ಎಷ್ಟು ಹಲೋ ಹೇಳುವುದು ನಾನು? ನನ್ನ ಗಂಟಲು ಒಣಗಿತು."

ರೊಸಾರಿಯೊ ಎದ್ದು ನಿಂತರು. "ನೀವೇನಾ ಅಸಿಸ್ಟೆಂಟ್?"

ಕುಶಲಕ್ಕ ರಿತೇಶನ ಮುಖ ನೋಡಿದರು. ಅವನು ಕಣ್ಣಲ್ಲೇ ಕೈಮುಗಿದ. "ಹೌದು ಅಂತ ಇಟ್ಟುಕೊಳ್ಳಿ," ಎಂದರು.

"ನೋಡಿ, ನಮಗೆ ದಿನಾ ಹಾಸ್ಟೆಲ್ ವಾರ್ಡನ್‌ಗಳು ಫೋನ್ ಮಾಡಿ ಬೈಯುವುದು. ಮಂಚದ ಕಾಲು ಅಲ್ಲಾಡ್ತದೆ, ಕಪಾಟಿನ ಬಾಗಿಲು ಮುಚ್ಚುವುದಿಲ್ಲ ಅಂತ. ಅವರಿಗೆ ಉತ್ತರ ಕೊಡುವ ಜನ ನಮ್ಮಲ್ಲಿ ಇಲ್ಲ. ಅವರನ್ನು ಸುಮ್ಮನಿರಿಸುವುದು ನಿಮ್ಮಿಂದ ಆಗ್ತದೆ. ಇಲ್ಲಿ ಬರ್ತೀರಾ? ರಿತೇಶನ ಕುರ್ಚಿ ಉಂಟಲ್ಲ."

"ಸರ್, ನಾನು?" ಎಂದ ರಿತೇಶ.

"ನೀವೇ ಹೇಳಿದ್ದಲ್ವಾ, ಮನುಷ್ಯ ಎಲ್ಲೇ ಇದ್ದರೂ ಕೆಲಸ ಇಲ್ಲಿ ಹಾಜರ್ ಅಂತ. ನೀವು ಕಾಪುವಿನಲ್ಲಿ ಕೂತು ಇಲ್ಲಿಯ ಕೆಲಸ ಮಾಡಿ. ಗೋಡೌನಿಗೂ ಒಬ್ಬರು ಆದ ಹಾಗಾಯ್ತು."

ರಿತೇಶ ಟಿಫಿನ್ ಚೀಲ ಎತ್ತಿ ಎದೆಗೆ ಒತ್ತಿಕೊಂಡ. ರೊಸಾರಿಯೊ ಅವರದ್ದು ಮೃದು ಮನಸ್ಸು. ಅವನ ಮುಖ ನೋಡಿ ಅವರೇ ಮಾತು ಬದಲಿಸಿದರು.

"ಒಂದೇ ವಿಷಯ. ನಿಮ್ಮ ಅಮ್ಮನ ಮಂಡಿ ನೋವು. ಅದನ್ನು ನೆನೆಸಿದರೆ ನಿಮ್ಮನ್ನು ದೂರ ಹಾಕಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ."

"ಹೌದು ಸರ್," ಎಂದ ರಿತೇಶ ದನಿ ಇಳಿಸಿ. "ಅಡುಗೆಮನೆಯಿಂದ ಚಾವಡಿಗೆ ಬರುವುದೇ ಕಷ್ಟ." ರೊಸಾರಿಯೊ ಆಚೆ ತಿರುಗಿದ ಕೂಡಲೇ ಅವರ ಬೆನ್ನ ಹಿಂದಿನಿಂದ ಕುಶಲಕ್ಕನಿಗೆ ಕಣ್ಣು, ಹುಬ್ಬು, ಗಲ್ಲ ಎಲ್ಲ ಸೇರಿಸಿ ಸನ್ನೆ ಮಾಡಿದ.

ಕುಶಲಕ್ಕ ಆ ಸನ್ನೆಯನ್ನು ನೋಡಿದರು. ಕುರ್ಚಿಯನ್ನೂ ನೋಡಿದರು. ಹೋಗಿ ಅದರಲ್ಲಿ ಕೂತು ಒಂದು ಸುತ್ತು ತಿರುಗಿದರು. ಮೇಲೆ ಫ್ಯಾನಿತ್ತು, ಪಕ್ಕದಲ್ಲಿ ಫೋನಿತ್ತು, ಬೈಯಲು ವಾರ್ಡನ್‌ಗಳಿದ್ದರು.

"ಮಂಡಿಯದ್ದು ನೀವು ಚಿಂತೆ ಮಾಡಬೇಡಿ," ಎಂದರು ರೊಸಾರಿಯೊಗೆ. "ಮೊನ್ನೆ ಆದಿತ್ಯವಾರ ನಾನೂ ಇವನ ಅಮ್ಮನೂ ಕಾರ್ಕಳದ ಗೊಮ್ಮಟ ಬೆಟ್ಟ ಹತ್ತಿದ್ದು. ನಾನು ಅರ್ಧಕ್ಕೇ ಕೂತುಬಿಟ್ಟೆ. ಅವರು ಮೇಲೆ ಹೋಗಿ, ಸುತ್ತು ಹಾಕಿ, ಇಳಿದು ಬಂದು, ನೀರು ಬೇಕಾ ಕುಶಲಾ ಅಂತ ನನ್ನನ್ನು ಕೇಳಿದ್ದು."

ಪ್ರಖ್ಯಾತ್ ಮೇಜಿನ ಕೆಳಗೆ ಬಗ್ಗಿ, ಇಲ್ಲದ ಪೆನ್ನು ಹುಡುಕತೊಡಗಿದ.

"ಒಳ್ಳೆಯದಾಯ್ತಲ್ಲ," ಎಂದರು ರೊಸಾರಿಯೊ ಯಾವಾಗಿನ ಸಮಾಧಾನದಲ್ಲೇ. "ಕಾಪುವಿನಲ್ಲಿ ಹತ್ತಲಿಕ್ಕೆ ಲೈಟ್‌ಹೌಸ್ ಉಂಟು. ಸೋಮವಾರ ಹೋಗುವಾಗ ಅಮ್ಮನನ್ನೂ ಕರ್ಕೊಂಡು ಹೋಗಿ ರಿತೇಶ್."