ಎಂಟಕ್ಷರದ ಜಾಗ

ಹಳೆಯ ಕಂಪ್ಯೂಟರು ಸತ್ತದ್ದೇ ಎಲ್ಲಕ್ಕೂ ಮೂಲ. ಚೆನ್ನೈ ಪಕ್ಕದ ತಾಂಬರಂನ ಗುರುಬಸಪ್ಪನವರು ರೈಲ್ವೆ ಸಿಗ್ನಲ್ ವಿಭಾಗದಿಂದ ನಿವೃತ್ತರಾದ ಮೇಲೆ ಹಟ ಹಿಡಿದು ಪ್ರೋಗ್ರಾಂ ಬರೆಯಲು ಕಲಿತು, ಹೆಂಡತಿ ಗಿರಿಜಾದೇವಿಯ ವಚನಗಾಯನವನ್ನು ಅದರಲ್ಲಿ ಹಿಡಿದಿಟ್ಟಿದ್ದರು. ಆಮೇಲೆ ಹತ್ತು ವರ್ಷ ಪ್ರೋಗ್ರಾಮಿನ ಕೀಲು ಬಿಗಿದದ್ದೇ ಬಿಗಿದದ್ದು. ಹಾಡು ಕೇಳಲು ಮಾತ್ರ ಪುರುಸೊತ್ತಾಗಲಿಲ್ಲ. ಇಂದು ಆಕೆಯ ಮೊದಲ ವರ್ಷದ ಪುಣ್ಯಸ್ಮರಣೆ. ಸಂಜೆ ಆರಕ್ಕೆ ಬಂಧುಗಳು ಬರುವರು. ಅಷ್ಟರೊಳಗೆ, ಪೆನ್‌ಡ್ರೈವಿನಲ್ಲಿ ಉಳಿದಿದ್ದ ಪ್ರತಿಯಿಂದ ಹೊಸ ಯಂತ್ರದಲ್ಲಿ ಪ್ರೋಗ್ರಾಮನ್ನು ಮತ್ತೆ ಕಟ್ಟಿದರೆ ಮಾತ್ರ ಆ ದನಿ ಕೇಳೀತು.

ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರು ಒಪ್ಪಲಿಲ್ಲ.

"ತಾತಾ, ಈ ಹೊಸ ಕಂಪೈಲರ್ ಕೇಳೋ ಕಾವಲು ಲೈಬ್ರರಿ ಇಲ್ಲ," ಎಂದಳು ಮೇಲಿನ ಮನೆಯ ಸಾಫ್ಟ್‌ವೇರ್ ಹುಡುಗಿ ಭಾವನಾ, ತಮಿಳು ಬೆರೆತ ಕನ್ನಡದಲ್ಲಿ. "ಬಫರ್, ಅಂದ್ರೆ ಅಕ್ಷರ ಇಡೋ ಜಾಗ, ತುಂಬಿ ಪಕ್ಕಕ್ಕೆ ಚೆಲ್ಲಿದ್ರೆ ಅದುದಾನ್ ಪ್ರೋಗ್ರಾಂ ನಿಲ್ಸೋದು."

ಎದುರುಮನೆಯ ರಘುರಾಮ ಕರೆಯದೆಯೇ ಬಂದು ಕುರ್ಚಿ ಎಳೆದುಕೊಂಡರು. "ಕಾವಲು ತೆಗೆದುಬಿಡಿ ಸ್ವಾಮಿ! ನಮ್ಮ ವಾಚ್‌ಮನ್ ದಿನಾ ನಿದ್ದೆ ಹೊಡೀತಾನೆ, ಬಿಲ್ಡಿಂಗ್ ಬಿದ್ದುಹೋಯ್ತೇ?"

"ಗಾರ್ಡ್ ಇಲ್ದ ಗಾಡಿ ಬಿಟ್ಟಾವ ಅಲ್ಲ ನಾ!" ಎಂದು ಗುಡುಗಿದರು ಗುರುಬಸಪ್ಪ.

ಭಾವನಾ ಒಂದು ಲೈಬ್ರರಿ ಇಳಿಸಿದಳು. ಹಳೆಯ ಕಾಲದ್ದು, ಬ್ರಾಡ್‌ಗೇಜ್ ಹಳಿಗೆ ಮೀಟರ್‌ಗೇಜ್ ಬೋಗಿ ಇಟ್ಟಂತೆ ಕೂರಲೇ ಇಲ್ಲ. ಇನ್ನೊಂದು ಇಳಿಯುತ್ತಿದ್ದಾಗ, "ಆಫ್ ಮಾಡಿ ಆನ್ ಮಾಡಿದ್ರೆ ಎಲ್ಲಾ ಸರಿಹೋಗತ್ತೆ," ಎಂದು ರಘುರಾಮ ಪ್ಲಗ್ಗನ್ನೇ ಕಿತ್ತರು. ಮತ್ತೆ ಮೊದಲಿನಿಂದ. ಐದೂಮುಕ್ಕಾಲಿಗೆ ಅಂತೂ ಪ್ರೋಗ್ರಾಂ ಎದ್ದು ನಿಂತಿತು.

ಬಂಧುಗಳ ಎದುರು ವಿಭೂತಿ ಧರಿಸಿ ಕೂತ ಗುರುಬಸಪ್ಪ ಹೆಂಡತಿಯ ಹೆಸರನ್ನು ಕೀಬೋರ್ಡಿನಲ್ಲಿ ಒತ್ತಿದರು. ತಕ್ಷಣ ಪ್ರೋಗ್ರಾಂ ನಿಂತೇಬಿಟ್ಟಿತು. ಹೊಸ ಗಾರ್ಡು ಮೊದಲ ನಿಲ್ದಾಣದಲ್ಲೇ ಕೆಂಪು ಬಾವುಟ ಹಿಡಿದಿದ್ದ.

ಭಾವನಾ ಇಣುಕಿದಳು. "ಅಯ್ಯೋ ತಾತಾ, ಹೆಸರಿಗೆ ಎಂಟೇ ಅಕ್ಷರದ ಜಾಗ ಇಟ್ಟಿದ್ದೀರ! ಇಂಗ್ಲಿಷ್‌ನಲ್ಲಿ ಪಾಟಿ, ನಮ್ಮ ಅಜ್ಜಿ, ಹೆಸರು ಹತ್ತಕ್ಷರ. ಹಳೇ ಮೆಷಿನ್‌ನಲ್ಲಿ ಕಾವಲೇ ಇರ್ಲಿಲ್ಲ, ಅದಕ್ಕೇ ತಪ್ಪು ತೆರಿಯಲೇ ಇಲ್ಲ, ಗೊತ್ತೇ ಆಗ್ಲಿಲ್ಲ."

"ನಲವತ್ತು ವರ್ಷ ಸಂಸಾರ ಮಾಡಿ ಎರಡಕ್ಷರ ಮಿಗಿಸಿದಿರಲ್ರೀ!" ಎಂದು ರಘುರಾಮ ನಕ್ಕರು. ಗುರುಬಸಪ್ಪ ನಗಲಿಲ್ಲ. ಎಂಟನ್ನು ಅಳಿಸಿ, ಮೂವತ್ತೆರಡು ಎಂದು ಬರೆದು, ಮತ್ತೆ ಕಟ್ಟಿದರು.

ಈ ಸಲ ಗಾರ್ಡು ಹಸಿರು ತೋರಿದ. ಗಿರಿಜಾದೇವಿಯ ದನಿ ಕೋಣೆ ತುಂಬಿತು.

"ಹಾಡ್ತೀನ್ರಿ. ಮೊದಲ ಆ ಡಬ್ಬಿ ಬಿಟ್ಟು ಬಂದು ನನ್ನ ಬಾಜೂ ಕುಂಡ್ರಿ."

"ತಡಿ ಗಿರಿಜಾ, ಒಂದ ನಿಮಿಷ." ಅದು ಗುರುಬಸಪ್ಪನವರದೇ ಹಳೆಯ ದನಿ.

ಬಂಧುಗಳು ಕೈಮುಗಿದು ಕಾದರು. ಮುಂದಿನ ಹನ್ನೊಂದು ನಿಮಿಷ, ಧ್ವನಿಮುದ್ರಣ ಮುಗಿಯುವವರೆಗೂ, ಕೇಳಿಸಿದ್ದು ಕೀಬೋರ್ಡಿನ ಟಕಟಕ ಮಾತ್ರ.