ಮೊಳಕ್ಕೊಂದು ಸಸಿ

ನಾಲ್ಕು ದಿನ ತರಬೇತಿಗೆ ಹೋಗಿಬಂದದ್ದೇ ತಪ್ಪಾಯಿತು. ಅಕ್ಕಪಕ್ಕದವರೆಲ್ಲ ಅವನ ಹೆಸರು ಮರೆತು ‘ಟ್ರೈನಿಂಗ್ ಸಾಹೇಬ’ ಅಂತ ಕರೆಯತೊಡಗಿದರು. ಕರೆಯಲಿ ಬಿಡಿ, ಸಾಹೇಬನ ಕಣ್ಣೆಲ್ಲ ಕಳೆ ತೆಗೆಯುವ ಯಂತ್ರದ ಮೇಲಿತ್ತು. ಹೇಳಿಕೊಟ್ಟ ಹಾಗೆ ಟೊಮೆಟೊ ಸಸಿ ನೆಟ್ಟವನೊಬ್ಬನಿಗೆ ಕೃಷಿ ಅಧಿಕಾರಿ ಅದನ್ನು ಬಿಟ್ಟಿ ಕೊಡುವವರಿದ್ದರು. ಇವತ್ತು ಸಂಜೆಯೇ ಹೊಲ ನೋಡಲು ಬರುವವರು. ಬಗ್ಗಿ ಬಗ್ಗಿ ಕಳೆ ಕಿತ್ತು ಹೆಂಡತಿಯ ಸೊಂಟ ಬಿದ್ದುಹೋಗಿತ್ತು. ಯಂತ್ರ ತಂದೇ ತರ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದ್ದ.

ಬೆಳಿಗ್ಗೆಯೇ ಹಗ್ಗ ಎಳೆದ. ಮೊಳಕ್ಕೊಂದು ಗಂಟು, ಗಂಟಿಗೊಂದು ಸಸಿ. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಪಕ್ಕದ ಹೊಲದ ದೊಡ್ಡಪ್ಪ ಬದುವಿನ ಮೇಲೆ ಹಾಜರು.

“ಏನೋ, ಸಸಿಗಳೆಲ್ಲ ಮಾತು ಬಿಟ್ಟಿದ್ದಾವಾ? ಇಷ್ಟು ದೂರ ದೂರ ಕೂರಿಸಿದ್ದೀಯ.”

ಗಿಡಕ್ಕೆ ಗಾಳಿ ಬೆಳಕು ಆಡಬೇಕು ಅಂತ ಇವನು ವಿವರಿಸಿದ. ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಹೋದ. ಆಮೇಲೆ ಹಾಲಿನವನು ಸೈಕಲ್ ನಿಲ್ಲಿಸಿ, ಉಳಿದ ಜಾಗ ಯಾರಿಗೆ ಬಾಡಿಗೆಗೆ ಕೊಡ್ತೀಯ ಅಂತ ಕೇಳಿದ. ಅತ್ತೆಯಂತೂ, ಅರ್ಧ ಹೊಲ ಖಾಲಿ ಬಿಡುವವನಿಗೆ ಮಗಳನ್ನು ಕೊಟ್ಟೆನಲ್ಲ ಅಂತ ಹಣೆ ಹಣೆ ಚಚ್ಚಿಕೊಂಡಳು. ಕಲಿತು ಬಂದವರು ನೀವು, ಅವರ ಮಾತಿಗೆ ಕಿವಿ ಕೊಡಬೇಡಿ ಅಂದವಳು ಹೆಂಡತಿ ಒಬ್ಬಳೇ.

ಮಧ್ಯಾಹ್ನದ ಹೊತ್ತಿಗೆ ಪಾಪ, ಅವನಿಗೇ ಅನುಮಾನ ಹತ್ತಿತು. ಖಾಲಿ ಜಾಗ ಕಂಡಾಗಲೆಲ್ಲ ಅತ್ತೆಯ ಮಾತು ನೆನಪಾಗುತ್ತಿತ್ತು. ನಡುವೆ ಒಂದೇ ಒಂದು ಸಸಿ ಸೇರಿಸಿದರೆ ಮಹಾ ಏನಾಗುತ್ತೆ ಅಂದುಕೊಂಡ. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಹಗ್ಗ ಬಿಸಾಡಿ ಕೈ ಹೋದಲ್ಲೆಲ್ಲ ತುರುಕಿದ. ಸಂಜೆಗೆ ಹೊಲ ಕೊನೆಯ ಬಸ್ಸಿನ ಹಾಗೆ ಗಿಜಿಗುಡುತ್ತಿತ್ತು.

ಅಧಿಕಾರಿ ಯಂತ್ರದ ಸಮೇತ ಜೀಪಿನಲ್ಲಿ ಬಂದರು. ಇವನ ಹೊಲ ನೋಡಿ ನಿಟ್ಟುಸಿರುಬಿಟ್ಟರು. ಬದುವಿನ ಆಚೆ ನೋಡಿದ್ದೇ ಅವರ ಮುಖ ಅರಳಿತು. ದೊಡ್ಡಪ್ಪನ ಹೊಲದಲ್ಲಿ ಸಸಿಗಳು ಮೊಳಕ್ಕೊಂದರಂತೆ ಗೆರೆ ಹಿಡಿದು ನಿಂತಿದ್ದವು. ಯಾವ ತರಬೇತಿಗೆ ಹೋಗಿದ್ರಿ ಅಂತ ದೊಡ್ಡಪ್ಪನನ್ನು ಕೇಳಿದರು.

“ತರಬೇತಿನೂ ಇಲ್ಲ, ಏನೂ ಇಲ್ಲ ಸಾರ್. ಬೆಳಿಗ್ಗೆ ಇವನನ್ನ ನೋಡಿ ನಗೋಕೆ ಅಂತ ಹೋದೆ. ನಗ್ತಾ ನಗ್ತಾ ಆ ನಾಲ್ಕು ಸಾಲು ನೋಡಿದೆ, ಕಣ್ಣಿಗೆ ಒಪ್ಪಿತು. ಬಂದು ನನ್ನ ಸಸಿನೂ ಹಾಗೇ ನೆಟ್ಟೆ,” ಅಂದ ದೊಡ್ಡಪ್ಪ.

ಯಂತ್ರ ದೊಡ್ಡಪ್ಪನ ಪಾಲಾಯಿತು. ಸಾಹೇಬ ನಾಚಿಕೆ ನುಂಗಿಕೊಂಡು, ಇವಳ ಸೊಂಟದ ಸಲುವಾಗಿ ಆಗಾಗ ಅದನ್ನು ಎರವಲು ಕೊಡ್ತೀಯಾ ಅಂತ ಕೇಳಿದ.

“ಧಾರಾಳವಾಗಿ ತಗೊಂಡು ಹೋಗೋ,” ಅಂದ ದೊಡ್ಡಪ್ಪ. ಆಮೇಲೆ ಯಂತ್ರದ ಅಗಲ ನೋಡಿದ, ಇವನ ಹೊಲ ನೋಡಿದ. “ಆದ್ರೆ ಎಲ್ಲಿ ಓಡಿಸ್ತೀಯಪ್ಪಾ? ನಿನ್ನ ಹೊಲದಲ್ಲಿ ಕಾಲಿಡೋಕೂ ಜಾಗ ಇಲ್ಲವಲ್ಲ.”

ಹೆಂಡತಿ ಹೊಲದಂಚಿನ ಮನೆಯೊಳಗೆ ಹೋದಳು. ಕಳೆ ಕೀಳುವ ಕುಡುಗೋಲು ತಂದು ಗಂಡನ ಕೈಗಿಟ್ಟು ಹೇಳಿದಳು: “ಈ ಸಲ ಬಗ್ಗೋದು ನೀವು.”